ಮಳೆ ಅಳೆಯುವವನ ಎಮ್ಮೆ

೨೯ ಏಪ್ರಿಲ್ ೧೯೫೪, ಗುರುವಾರ. ಗುಂಡ್ಲುಪೇಟೆ

ಈ ಊರಿನವರಿಗೆ ಬುದ್ಧಿ ಬರುವುದು ಯಾವ ಕಾಲಕ್ಕೋ! ಇಷ್ಟು ದಿನ ಇಸ್ಪೀಟು, ಕೋಳಿ ಕಾಳಗ ಎಂದು ಹಾಳಾಗುತ್ತಿದ್ದರು. ಈಗ ಮಳೆಯ ಮೇಲೂ ಬಾಜಿ ಕಟ್ಟುತ್ತಿದ್ದಾರೆ.

ಬಸ್ಸು ನಿಲ್ಲುವ ಜಾಗದ ಎದುರಿಗೆ ಕಾಫಿ ಹೋಟೆಲು ತೆರೆದಿರುವ ಚಿಕ್ಕಮಲ್ಲಪ್ಪ ಚಾಮರಾಜನಗರದಿಂದ ಬಂದ ಆಸಾಮಿ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತ ದಿನ ಅವನ ಜಗಲಿಯಲ್ಲಿ ಜಾತ್ರೆ. ದೀಪ ಹಚ್ಚುವುದರೊಳಗೆ ಬಾಜಿ ಕಟ್ಟಬೇಕು. ಮಾರನೆಯ ಬೆಳಿಗ್ಗೆ ಎಂಟಕ್ಕೆ ತಾಲ್ಲೂಕು ಕಚೇರಿಯ ಮಳೆಮಾಪಕದಲ್ಲಿ ಹತ್ತು ಸೆಂಟಿಗಿಂತ ಹೆಚ್ಚು ಮಳೆ ಇದ್ದರೆ ‘ಮೇಲೆ’ ಎಂದವರಿಗೆ ಗೆಲುವು, ಕಡಿಮೆ ಇದ್ದರೆ ‘ಕೆಳಗೆ’ ಎಂದವರಿಗೆ. ಸರಿಯಾಗಿ ಹತ್ತೇ ಇದ್ದರೆ ಎರಡೂ ಕಡೆಯದು ಚಿಕ್ಕಮಲ್ಲಪ್ಪನಿಗೆ. ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎನ್ನುತ್ತಾರೆ ಎಂಬುದೂ ಗೊತ್ತಿಲ್ಲದ ಜನ ಸೆಂಟಿನ ಮೇಲೆ ಬಾಜಿ ಕಟ್ಟುವುದನ್ನು ನೋಡಿದರೆ ಮೈ ಉರಿಯುತ್ತದೆ.

ಏಕೆಂದರೆ ಆ ಮಳೆಮಾಪಕ ನನ್ನದು. ಸರ್ಕಾರದ್ದೇ ಸರಿ, ಆದರೆ ಕಚೇರಿಯ ಹಿತ್ತಲಲ್ಲಿ ಅದಕ್ಕೆ ಹಾಕಿರುವ ತಂತಿಬೇಲಿಯ ಬೀಗದ ಕೈ ಇರುವುದು ನನ್ನ ಉಡಿದಾರದಲ್ಲಿ. ಬೆಳಿಗ್ಗೆ ಎಂಟಕ್ಕೆ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣು ಸಮಕ್ಕೆ ಹಿಡಿದು, ಕಂಡದ್ದನ್ನು ಬರೆದು ಮೈಸೂರಿಗೆ ಕಳುಹಿಸುವವನು ನಾನು. ಇಂದಿಗೂ ಒಂದು ಹನಿ ಸುಳ್ಳು ಬರೆದವನಲ್ಲ. “ಶಿವಮಲ್ಲಪ್ಪ, ನಿಮ್ಮ ಅಂಕಿ ಇದ್ದಮೇಲೆ ನಾನು ಆಕಾಶ ನೋಡಬೇಕಾಗಿಲ್ಲ” ಎಂದು ಅಮಲ್ದಾರರು ಎಲ್ಲರೆದುರಿಗೆ ಹೇಳಿದ್ದಾರೆ.

ಈ ಅನಾಚಾರವನ್ನು ಕಣ್ಣಾರೆ ನೋಡಿ ಅಮಲ್ದಾರರಿಗೆ ವರದಿ ಕೊಡಬೇಕೆಂದು ತೀರ್ಮಾನಿಸಿದ್ದೇನೆ. ರಾತ್ರಿ ಊಟಕ್ಕೆ ಪುಟ್ಟಸಿದ್ದಮ್ಮ ಗಟ್ಟಿ ಮೊಸರು ಬಡಿಸಿದಳು. ನಮ್ಮ ಮಾವ ದೊಡ್ಡಯ್ಯನವರು ಉಡಿಗಾಲದಿಂದ ಮಗಳಿಗೆಂದು ಹೊಡೆಸಿಕೊಟ್ಟ ಎಮ್ಮೆ. ಅದಕ್ಕೆ ನನಗಿಂತ ಮೊದಲು ಊಟ ಆಗುತ್ತದೆ ಈ ಮನೆಯಲ್ಲಿ.

೬ ಮೇ, ಗುರುವಾರ

ಹೋಗಿ ನೋಡಿಬಂದೆ. ಚಿಕ್ಕಮಲ್ಲಪ್ಪ ಕಳ್ಳನಲ್ಲ, ಕಳ್ಳರ ಗುರು. ಅವನ ಕಸುಬನ್ನು ಒಂದೇ ಸಂಜೆಯಲ್ಲಿ ಅರೆದು ಕುಡಿದೆ.

ಮೊದಲನೆಯದಾಗಿ, ಬಾಜಿ ದುಡ್ಡಿನಲ್ಲಿ ಅಲ್ಲ. ದುಡ್ಡು ಕೊಟ್ಟರೆ ತಗಡಿನ ಬಿಲ್ಲೆ ಕೊಡುತ್ತಾನೆ. ಬಿಲ್ಲೆ ಹೋದರೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ, ತಗಡು ತಾನೆ! ಗೆದ್ದ ಬಿಲ್ಲೆಯನ್ನು ಮತ್ತೆ ದುಡ್ಡಾಗಿ ಬದಲಿಸಿಕೊಳ್ಳುವುದು ಸೋಮವಾರ ಮಾತ್ರ. ಸೋಮವಾರ ಹೋಟೆಲಿಗೆ ರಜ.

ಗೆದ್ದವನ ಹೆಸರು ಕೂಗಿ ಒಂದು ಹಿತ್ತಾಳೆ ಗಂಟೆ ಬಾರಿಸುತ್ತಾನೆ. ಸೋತವನಿಗೆ ಗಂಟೆಯಿಲ್ಲ, ಸದ್ದಿಲ್ಲದೆ ಒಂದು ವಡೆ ಕೊಟ್ಟು ಬೆನ್ನು ಸವರುತ್ತಾನೆ. ಹೀಗಾಗಿ ಬೀದಿಯಲ್ಲಿ ಹೋಗುವವರಿಗೆ ಬೆಳಗಿನಿಂದ ಗಂಟೆಯೇ ಕೇಳಿಸುತ್ತದೆ, ಊರಿಗೆ ಊರೇ ಗೆಲ್ಲುತ್ತಿದೆ ಎನ್ನಿಸುತ್ತದೆ. ಗೋಡೆಯ ಮೇಲೆ ಹಿಂದಿನ ದಿನಗಳ ಅಂಕಿಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆಸಿದ್ದಾನೆ. ದಡ್ಡರು ಅದರ ಮುಂದೆ ನಿಂತು ಲೆಕ್ಕ ಹಾಕುತ್ತಾರೆ, ನಿನ್ನೆಯ ಮಳೆ ನಾಳೆಯ ಮಳೆಗೆ ಹೇಳಿ ಹೋಗಿದೆಯೋ ಎಂಬಂತೆ.

ನನ್ನನ್ನು ಕಂಡ ಕೂಡಲೇ ಎದ್ದು ನಿಂತ. “ಬನ್ನಿ ಸ್ವಾಮಿ, ಬನ್ನಿ! ಮಳೆರಾಯ್ನೇ ಬಂದಂಗಾಯ್ತು. ಏಯ್, ಒಳಗಿಂದ ಬೆತ್ತದ್ ಕುರ್ಚಿ ತನ್ನಿ ಕಣ್ಲಾ! ಸಾಹೇಬ್ರು ಬೆಂಚಿನ್ ಮ್ಯಾಲೆ ಕೂರದಾ?”

ಕಾಫಿ ಕುಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಕಚೇರಿಯ ಕೆಲಸದ ಮೇಲೆ ಹೋದಾಗ ಕುಡಿದ ಕಾಫಿ, ತಪ್ಪಿಲ್ಲ.

೧೨ ಮೇ, ಬುಧವಾರ

ಕೃತ್ತಿಕೆ ಮಳೆ ಹಿಡಿದಿದೆ. ವರದಿ ಬರೆಯಲು ಕೂತಾಗ ಒಂದು ಕೊರತೆ ಹೊಳೆಯಿತು. ಒಳಹೊಕ್ಕು ನೋಡದೆ ಬರೆದ ವರದಿಗೆ ಬೆಲೆಯೆಲ್ಲಿ? ಹಾಗಾಗಿ ನಿನ್ನೆ ಸಂಜೆ, ಪರೀಕ್ಷೆಗೆಂದು, ನಾಲ್ಕು ಬಿಲ್ಲೆ ತೆಗೆದುಕೊಂಡು ‘ಮೇಲೆ’ ಎಂದೆ.

ಅಳೆಯುವವನೇ ಬಾಜಿ ಕಟ್ಟಬಹುದೇ ಎಂದು ಯಾರೋ ಗೊಣಗಿದರು. ಚಿಕ್ಕಮಲ್ಲಪ್ಪನೇ ಅವನ ಬಾಯಿ ಮುಚ್ಚಿಸಿದ. “ಸಾಹೇಬ್ರು ಮಳೆ ಅಳೀತಾರೆ, ಮಳೆ ಉಯ್ಯಲ್ಲ ಕಣ್ಲಾ. ಬೆಳಿಗ್ಗೆ ಅಳೀವಾಗ ನಮ್ಮೋನೊಬ್ಬ, ಕಚೇರಿ ಜವಾನ ಪುಟ್ಟಮಾದು, ಇಬ್ರೂ ಪಕ್ಕದಲ್ಲೇ ನಿಂತಿರ್ತಾರೆ. ಆಯ್ತಾ?” ನ್ಯಾಯವಾದ ಮಾತು.

ಬೆಳಿಗ್ಗೆ ಇಪ್ಪತ್ತಮೂರು ಸೆಂಟು! ನನ್ನ ಹೆಸರು ಕೂಗಿ ಗಂಟೆ ಬಾರಿಸಿದರು. ಬಸ್ಸಿನಲ್ಲಿದ್ದವರೂ ಕತ್ತು ಹೊರಗೆ ಹಾಕಿ ನೋಡಿದರು. ಗಂಟೆಯ ನಾದ ಹತ್ತಿರದಿಂದ ಕೇಳಿದರೆ ಬೇರೆಯೇ ಇರುತ್ತದೆ.

ಮಿಕ್ಕವರದು ಜೂಜು, ಒಪ್ಪಿದೆ. ಮಳೆಯ ಜೊತೆಗೇ ಬಾಳುವೆ ಮಾಡುವ ನನ್ನದಕ್ಕೆ ಜೂಜು ಎನ್ನಲಾಗದು. ಅದು ವಿದ್ಯೆ.

೧೪ ಮೇ, ಶುಕ್ರವಾರ

‘ಕೆಳಗೆ’ ಎಂದೆ. ಹದಿನಾರು ಬಂತು. ವಡೆ ಬಿಸಿಯಾಗಿತ್ತು.

೨೧ ಮೇ, ಶುಕ್ರವಾರ

ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಬುಧವಾರ ‘ಮೇಲೆ’ ಎಂದೆ, ಒಂಬತ್ತು ಸೆಂಟು. ಒಂದೇ ಒಂದು ಸೆಂಟಿನಲ್ಲಿ ಹೋಯಿತು! ನಿನ್ನೆ ಮತ್ತೆ ‘ಮೇಲೆ’ ಎಂದೆ. ಇಂದು ಗಾಜನ್ನು ಕಣ್ಣಿನ ಸಮಕ್ಕೆ ಹಿಡಿದರೆ ನೀರು ಹತ್ತರ ಗೆರೆಯ ಮೇಲೆ ಕೂತಿದೆ. ಸರಿಯಾಗಿ ಹತ್ತು. ಎರಡೂ ಕಡೆಯದು ಚಿಕ್ಕಮಲ್ಲಪ್ಪನಿಗೆ. ಇನ್ನೊಂದು ಹನಿ ಬಿದ್ದಿದ್ದರೆ ಸಾಕಾಗಿತ್ತು. ಆ ಹನಿ ಪಕ್ಕದ ಸೀಬೆಗಿಡದ ಮೇಲೆ ಬಿದ್ದಿರಬೇಕು. ನಾನು ಹನ್ನೊಂದು ಎಂದು ಬರೆಯಬಹುದಿತ್ತೇ? ಥೂ! ಅಂಥ ನೀಚ ನಾನಲ್ಲ.

ಚಿಕ್ಕಮಲ್ಲಪ್ಪ ಸ್ವತಃ ಎದ್ದು ಬಂದು ಕೈ ಹಿಡಿದುಕೊಂಡ. “ಸೋತ್ರಿ ಅಂತ ಯಾರ್ ಅಂದೋರು? ಬಾಗ್ಲತಂಕ ಬಂದ್ಬುಟ್ಟಿದ್ರಿ ಕಣಿ. ಈ ಊರಲ್ಲಿ ಇಷ್ಟ್ ಹತ್ರ ಬಂದೋರ್ನ ನಾನ್ ಕಂಡಿಲ್ಲ.”

ನಿಜ. ಉಳಿದವರು ನಲವತ್ತು, ಐವತ್ತು ಸೆಂಟಿನಲ್ಲಿ ಸೋಲುತ್ತಾರೆ. ನಾನು ಸೋಲುವುದು ಒಂದೇ ಸೆಂಟಿನಲ್ಲಿ. ವಿದ್ಯೆ ಎಂದರೆ ಅದೇ ಅಲ್ಲವೇ?

ವರದಿಯನ್ನು ಮಳೆಗಾಲ ಮುಗಿದ ಮೇಲೆ ಒಟ್ಟಿಗೇ ಬರೆಯುವುದು ಒಳ್ಳೆಯದು.

೨೮ ಮೇ, ಶುಕ್ರವಾರ

ಸಂಬಳ ಬರಲು ಇನ್ನೂ ದಿನವಿದೆ. ಚಿಕ್ಕಮಲ್ಲಪ್ಪ ಬಿಲ್ಲೆ ಸಾಲ ಕೊಡುತ್ತಾನೆ, ಆದರೆ ಲೆಕ್ಕಕ್ಕೆ ಏನಾದರೊಂದು ಇರಲಿ ಎಂದ. ದೊಡ್ಡ ಮನುಷ್ಯ, ಕೇಳುವಾಗ ತಲೆಯೆತ್ತಿ ನನ್ನ ಮುಖ ನೋಡಲಿಲ್ಲ.

ಎಮ್ಮೆಯನ್ನು ಹೋಟೆಲಿನ ಹಿಂದಿನ ಕೊಟ್ಟಿಗೆಗೆ ಬಿಟ್ಟುಬಂದೆ. ಕೆಲವು ದಿನದ ಮಟ್ಟಿಗೆ ಮಾತ್ರ. ಅಲ್ಲಿ ಹತ್ತಿಬೀಜ ಹಾಕುತ್ತಾರೆ, ನಮ್ಮಲ್ಲಿ ಬರೀ ಹುಲ್ಲು. ಎಮ್ಮೆಯ ಮೈಗೂ ಒಳ್ಳೆಯದು ಎಂದು ಪುಟ್ಟಸಿದ್ದಮ್ಮನಿಗೆ ತಿಳಿಸಿ ಹೇಳಿದೆ.

ಅವಳು ಹಗ್ಗ ಕಟ್ಟುವ ಗೂಟದ ಹತ್ತಿರವೇ ಕೂತಿದ್ದಳು. “ನಮ್ಮಪ್ಪ ಕೊಟ್ಟದ್ದು ಕಣಿ ಅದು. ಯಾವತ್ ಬತ್ತದೆ?” ಎಂದಳು.

“ಒಂದು ಒಳ್ಳೆ ಮಳೆ ಬರಲಿ, ಬರುತ್ತದೆ” ಎಂದೆ.

“ಮಳೆಗೂ ಎಮ್ಮೆಗೂ ಏನ್ ಸಂಬಂಧ?”

ಹೆಂಗಸರಿಗೆ ಇವೆಲ್ಲ ಅರ್ಥವಾಗುವುದಿಲ್ಲ.

೩ ಜೂನ್, ಗುರುವಾರ

ರೋಹಿಣಿ ಮಳೆ ಕೈಕೊಟ್ಟಿತು. ಎರಡು, ಶೂನ್ಯ, ಐದು. ಮೂರು ಸಲವೂ ‘ಮೇಲೆ’ ಎಂದಿದ್ದೆ. ಇಷ್ಟು ಸಲ ಬರದೆ ಇದ್ದದ್ದು ನಾಳೆಯಾದರೂ ಬರಲೇಬೇಕು. ಗೋಡೆಯ ಮೇಲಿನ ಅಂಕಿಗಳ ಮುಂದೆ ನಿಂತು ಬಹಳ ಹೊತ್ತು ಲೆಕ್ಕ ಹಾಕಿದೆ. ಅದರಲ್ಲಿ ಒಂದು ಕ್ರಮವಿದೆ, ಕಂಡೂ ಕಾಣದಂತಿದೆ.

ಪುಟ್ಟಸಿದ್ದಮ್ಮ ಈಗ ಹಾಲು ಕೊಂಡು ತರುತ್ತಾಳೆ. ಪಕ್ಕದ ಬೀದಿಯ ಮಲ್ಲಮ್ಮನ ನೀರು ಹಾಲು. ಅದರ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಚಿಕ್ಕಮಲ್ಲಪ್ಪನ ಹೋಟೆಲಿನ ಕಾಫಿ ಈಚೆಗೆ ಎಷ್ಟು ಚೆನ್ನಾಗಿದೆ! ಗಟ್ಟಿ ಹಾಲು, ಮೇಲೆ ಬೆರಳು ದಪ್ಪ ಕೆನೆ. ನನಗೆ ಈಗಲೂ ಬಿಟ್ಟಿ. ಹಿತ್ತಾಳೆ ಲೋಟದಲ್ಲಿ ಕಚೇರಿಗೇ ಕಳುಹಿಸಿಕೊಡುತ್ತಾನೆ. ಈ ಕಾಲದಲ್ಲಿ ಯಾರು ಯಾರಿಗೆ ಹೀಗೆ ಮಾಡುತ್ತಾರೆ?

೯ ಜೂನ್, ಬುಧವಾರ

ಮಧ್ಯಾಹ್ನ ಬಾಗಿಲಲ್ಲಿ ಗಾಡಿ ನಿಂತಿತು. ಉಡಿಗಾಲದಿಂದ ಮಾವ! ಮಗಳಿಗೆ ಹುರುಳಿ, ರಾಗಿ ಹೇರಿಕೊಂಡು ಬಂದಿದ್ದಾರೆ. ಮೃಗಶಿರೆ ಹುಟ್ಟಿದೆ, ಉಳುವ ಕಾಲ. ಗಾಡಿಗೆ ಹೂಡಿದ್ದ ಬಿಳಿ ಎತ್ತುಗಳನ್ನು ಬಿಚ್ಚಿ ನೀರು ಕುಡಿಸಿದ ಮೇಲೆಯೇ ಅವರು ಒಳಗೆ ಬಂದದ್ದು.

“ಎಮ್ಮೆ ಎಲ್ಲಮ್ಮಿ?” ಎಂದು ಮೊದಲ ಮಾತು.

ಪುಟ್ಟಸಿದ್ದಮ್ಮ ನನ್ನ ಕಡೆ ನೋಡಿದಳು. ನಾನು ಕಚೇರಿಗೆ ಹೊತ್ತಾಯಿತು ಎಂದು ಹೊರಟೆ. ಹೊತ್ತು ಆಗಿಯೂ ಇತ್ತು.

ನನ್ನ ಮರ್ಯಾದೆಯ ಪ್ರಶ್ನೆ ಇದು. ನಾಳೆಯೊಳಗೆ ಎಮ್ಮೆ ಮನೆಯ ಗೂಟದಲ್ಲಿ ಇರಲೇಬೇಕು. ಮೂರು ಗಂಟೆಗೆ ಬೆಟ್ಟದ ಮೇಲೆ ಕರೀ ಮೋಡ ಕೂತಿತು. ಸೀದಾ ಚಿಕ್ಕಮಲ್ಲಪ್ಪನ ಹತ್ತಿರ ಹೋಗಿ ಮುಂದಿನ ಸಂಬಳವನ್ನೆಲ್ಲ ‘ಮೇಲೆ’ ಕಟ್ಟಿದೆ. ಗೆದ್ದರೆ ಎಮ್ಮೆ ನನ್ನದು, ಹಳೆಯ ಬಿಲ್ಲೆಗಳ ಬಾಕಿ ವಜಾ. “ಸಾಹೇಬ್ರ್ ಮಾತೇ ಪತ್ರ” ಎಂದ.

ಸಂಜೆ ಮಾವ ಕಾಣಲಿಲ್ಲ. ಎಮ್ಮೆ ನೋಡಿಕೊಂಡು ಬರುತ್ತೇನೆ ಎಂದು ಹೋದರಂತೆ. ದೀಪ ಹಚ್ಚಿದ ಮೇಲೆ ಬಂದರು, ಉಲ್ಲಾಸವಾಗಿದ್ದರು. ಊಟಕ್ಕೆ ಕೂತಾಗ ಹೆಂಚಿನ ಮೇಲೆ ಪಟಪಟ ಹನಿ ಬಿತ್ತು. ನಾನು ತುತ್ತು ಬಿಟ್ಟು ಹನಿ ಎಣಿಸತೊಡಗಿದೆ.

ಮಾವ ತಲೆಯೆತ್ತಿ ನಕ್ಕರು. “ಗಾಳಿ ಅದೆ ಅಳಿಮಯ್ಯ, ಇದು ನಿಲ್ಲದ್ ಮೋಡ. ನಾಕ್ ಹನಿ ಉದುರುಸ್ಬುಟ್ಟು ಮದ್ದೂರ್ ಕಾಡಿನ್ ಕಡೀಕ್ ಓಯ್ತದೆ ನೋಡಿ.”

ಅವರು ಕೈ ತೊಳೆಯುವಷ್ಟರಲ್ಲಿ ಹನಿ ನಿಂತಿತು.

೧೦ ಜೂನ್, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಕಚೇರಿಗೆ ಹೋಗಿ ಬೇಲಿಯ ಬೀಗ ತೆಗೆದು ಬಾಟಲಿ ನೋಡಿದೆ. ನಾಲ್ಕು ಸೆಂಟು. ಹಾಳು ಮೋಡ!

ಹಾಗೇ ನಿಂತು ಯೋಚಿಸಿದೆ. ಮಳೆಮಾಪಕವೂ ಮನುಷ್ಯರು ಮಾಡಿದ ಯಂತ್ರ. ರಾತ್ರಿ ಗಾಳಿಗೆ ಎಷ್ಟೋ ಹನಿ ಅದರ ಬಾಯಿಗೆ ಬೀಳದೆ ಓರೆಯಾಗಿ ಹೋಗಿರುತ್ತವೆ. ಅವೆಲ್ಲ ಈ ತಾಲ್ಲೂಕಿಗೆ ನ್ಯಾಯವಾಗಿ ಸೇರಬೇಕಾದ ಹನಿಗಳೇ. ನಿನ್ನೆಯ ಕಾಫಿ ಲೋಟ ಕಚೇರಿಯ ಕಿಟಕಿಯಲ್ಲೇ ಇತ್ತು. ಅದರಲ್ಲಿ ಬಾವಿಯಿಂದ ನೀರು ತಂದು, ಗಾಜಿನಲ್ಲಿ ಅಳೆದು, ಎಂಟು ಸೆಂಟಿನಷ್ಟು ಬಾಟಲಿಗೆ ಸೇರಿಸಿದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಎಂಟು ಗಂಟೆಗೆ ಪುಟ್ಟಮಾದುವಿನ ಮುಂದೆ, ಹೋಟೆಲಿನವನ ಮುಂದೆ ಅಳೆದೆ. ಹನ್ನೆರಡು. ಹನ್ನೆರಡೆಂದೇ ಬರೆದೆ. ಬಾಟಲಿಯಲ್ಲಿ ಇಲ್ಲದ ಅಂಕಿಯನ್ನು ಈ ಕೈ ಇವತ್ತೂ ಬರೆಯಲಿಲ್ಲ. ಮೈಸೂರಿಗೂ ಹನ್ನೆರಡೇ ಹೋಯಿತು.

ಗಂಟೆ ಬಾರಿಸಿದರು. ಎಮ್ಮೆಯನ್ನು ಹೊಡೆದುಕೊಂಡು ರಾಜಬೀದಿಯಲ್ಲಿ ಬಂದೆ. ಬಾಗಿಲಲ್ಲಿ ಗಾಡಿಯಿತ್ತು, ಮೂಕಿ ನೆಲಕ್ಕೆ ಊರಿತ್ತು. ಎತ್ತುಗಳಿರಲಿಲ್ಲ.

“ಎತ್ತು ಮೇಯಲು ಬಿಟ್ಟಿರಾ ಮಾವ?” ಎಂದೆ.

ಮಾವ ಜಗಲಿಯ ಮೇಲೆ ಕೂತಿದ್ದರು. ನನ್ನ ಹಿಂದಿನ ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ನಿನ್ನೆ ಸಂಜೆ ಚಿಕ್ಕಮಲ್ಲಪ್ಪನ ಹತ್ತಿರ ಹೋಗಿ ಮಗಳ ಎಮ್ಮೆ ಬಿಡು ಎಂದರಂತೆ. ಸುಮ್ಮನೆ ಹೇಗೆ ಬಿಡಲಿ, ಎತ್ತು ಕಟ್ಟಿ, ‘ಕೆಳಗೆ’ ಎನ್ನಿ, ಗೆದ್ದರೆ ಎಮ್ಮೆ ನಿಮ್ಮದು ಎಂದನಂತೆ. ಆಕಾಶ ನೋಡಿದರು, ಗಾಳಿ ನೋಡಿದರು, ಸರಿ ಎಂದರು. “ಅಳಿಯಂದಿರ್ಗೆ ಹೇಳ್ಬ್ಯಾಡಿ, ಮಳೆ ಅಳೆಯೋರು ಅವ್ರು, ಚೆನ್ನಾಗಿರಲ್ಲ” ಎಂದೂ ಬುದ್ಧಿ ಹೇಳಿದನಂತೆ.

ಒಂದೇ ಎಮ್ಮೆ! ನನಗೆ ‘ಮೇಲೆ’ ಎಂದರೆ ಕೊಡುತ್ತೇನೆ ಎಂದ, ಮಾವನಿಗೆ ‘ಕೆಳಗೆ’ ಎಂದರೆ ಕೊಡುತ್ತೇನೆ ಎಂದ. ಮಳೆ ಬಂದರೆ ಅವನಿಗೆ ಎತ್ತು, ಬರದಿದ್ದರೆ ನನ್ನ ಸಂಬಳ. ಅಂದರೆ ನಾನು ಬೆಳಿಗ್ಗೆ ಏಳದೆ ಮುಸುಕು ಹಾಕಿ ಮಲಗಿದ್ದರೂ ಎಮ್ಮೆ ಮನೆಗೆ ಬರುತ್ತಿತ್ತು. ಮಾವ ಮೊದಲೇ ಒಂದು ಮಾತು ಹೇಳಬಾರದಿತ್ತೇ? ಹಿರಿಯರಿಗೆ ಜೂಜು ಯಾಕೆ ಬೇಕು ಈ ವಯಸ್ಸಿನಲ್ಲಿ!

ಅವರು ಮಾತ್ರ ನನ್ನನ್ನಾಗಲಿ ಚಿಕ್ಕಮಲ್ಲಪ್ಪನನ್ನಾಗಲಿ ಒಂದು ಮಾತು ಅನ್ನಲಿಲ್ಲ. ಗಾಡಿಯ ಕೆಳಗಿನ ಮಣ್ಣನ್ನೂ ಅಂಗಳದ ಮಣ್ಣನ್ನೂ ಕೈಯಲ್ಲಿ ಹಿಡಿದು ನೋಡಿದರು, ಉಜ್ಜಿದರು, ಬಿಟ್ಟರು.

“ಸರ್ಕಾರದ್ ಗಾಜು ಸುಳ್ಳಾಡದಾ? ಅದೂ ನಿಮ್ಮ್ ಕೈಲಿ?” ಎಂದರು. “ನನ್ ಕಣ್ಣೇ ಮಬ್ಬಾಗ್ಬುಟ್ಟದೆ ಬುಡಿ. ಇಷ್ಟ್ ವರ್ಸ ಮಳೆ ನಂಬ್ಕೊಂಡ್ ಬದ್ಕಿ, ಎರಡ್ ಎತ್ತಿನ್ ಮಳೆ ಬಿದ್ದದ್ದೇ ಗೊತ್ತಾಗ್ನಿಲ್ಲ ನಂಗೆ.”

ನನಗೆ ಯಾಕೋ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

೧೧ ಜೂನ್, ಶುಕ್ರವಾರ

ಪುಟ್ಟಸಿದ್ದಮ್ಮ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ನನ್ನ ಎದುರು ನಿಂತು, “ಮೊನ್ನೆ ರಾತ್ರಿ ಅಂಗ್ಳದ್ ಒರಳುಕಲ್ಲಿನ್ ಗುಂಡೀಲಿ ನೀರೇ ನಿಂತಿರ್ನಿಲ್ಲ ಕಣಿ. ನಿಜ ಹೇಳ್ಬುಡಿ. ನೀರ್ ಹಾಕುದ್ರಾ?” ಎಂದಳು.

ನಾನು ಗೂಟದಿಂದ ಅಂಗಿ ತೆಗೆದುಕೊಂಡೆ. ನಿಜ ಹೇಳಿದರೆ ಮಾವನ ಎತ್ತು ವಾಪಸು ಬರುತ್ತದೆ, ಒಪ್ಪುತ್ತೇನೆ. ಆದರೆ ನನ್ನ ಕೆಲಸ? ಅಮಲ್ದಾರರು ಎಲ್ಲರೆದುರಿಗೆ ಹೇಳಿದ ಆ ಮಾತು? ಇದು ನನ್ನೊಬ್ಬನ ವಿಷಯವಲ್ಲ, ತಾಲ್ಲೂಕಿನ ಎಲ್ಲ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

“ಅಪ್ಪ ರಾತ್ರಿಯೆಲ್ಲ ಕೈ ಕಣ್ಣಿನ್ ಹತ್ರ ಹಿಡ್ಕಂಡು ಬೆರಳು ಎಣಿಸ್ತಿತ್ತು. ಕಣ್ಣು ಕಾಣ್ತದಾ ಇಲ್ವಾ ಅಂತ” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಬಟ್ಟೆ ಗಂಟು ಕಟ್ಟಿಕೊಂಡು ಅಪ್ಪನ ಜೊತೆ ಬಸ್ಸಿಗೆ ಹೊರಟಳು. ಎತ್ತಿಲ್ಲದ ಮನೆಯಲ್ಲಿ ಬಿತ್ತನೆಗೆ ಆಳು ಬೇಕಲ್ಲ, ಅದಕ್ಕೆ ಹೋಗಿರಬೇಕು. ಎಮ್ಮೆಯನ್ನು ಹೊಡೆದುಕೊಂಡು ಹೋಗು, ನಿನ್ನದೇ ತಾನೆ ಎಂದೆ.

“ನಂದಲ್ಲ. ನಮ್ಮಪ್ಪನ ಎತ್ತ್ ತಿಂದ್ ಎಮ್ಮೆ ಅದು” ಎಂದು ತಿರುಗಿ ನೋಡದೆ ಹೋದಳು.

೧೨ ಜೂನ್, ಶನಿವಾರ

ಚಿಕ್ಕಮಲ್ಲಪ್ಪ ಕಚೇರಿಗೇ ಬಂದಿದ್ದ. ಕೈಯಲ್ಲಿ ಹಿತ್ತಾಳೆ ಲೋಟ. ಮಳೆಮಾಪಕದ ಪಕ್ಕದಲ್ಲಿ ಬಿದ್ದಿತ್ತಂತೆ, ಅಂದು ಅವನ ಆಳು ಕಂಡು ಎತ್ತಿಕೊಂಡನಂತೆ. “ಅಲ್ಲೇ ಬುಟ್ಬುಟ್ಟಿದ್ರಿ ಸಾಹೇಬ್ರೆ. ಯಾರ್ಗೂ ಹೇಳ್ನಿಲ್ಲ” ಎಂದು ಮೇಜಿನ ಮೇಲಿಟ್ಟು ನಕ್ಕ.

ಎಂಥ ದೊಡ್ಡ ಮನಸ್ಸು! ಬೇರೆಯವರಾಗಿದ್ದರೆ ಊರೆಲ್ಲ ಸಾರುತ್ತಿದ್ದರು. ಅದಕ್ಕೆ ಬದಲಾಗಿ ಅವನು ಕೇಳಿದ್ದು ಒಂದು ಸಣ್ಣ ಉಪಕಾರ. ಇನ್ನು ಮೇಲೆ ಬಾಟಲಿಯಲ್ಲಿ ಎಷ್ಟಿರಬೇಕೆಂದು ಹಿಂದಿನ ದಿನ ಸಂಜೆಯೇ ಅವನು ಹೇಳುತ್ತಾನಂತೆ. ಅಷ್ಟೇ.

ಎತ್ತುಗಳನ್ನು ಇನ್ನೂ ಮಾರಿಲ್ಲವಂತೆ. ನನಗೋಸ್ಕರವೇ ಇಟ್ಟುಕೊಂಡಿದ್ದಾನೆ, ಗೆದ್ದುಕೊಳ್ಳಿ ಎಂದ.

೧೫ ಜೂನ್, ಮಂಗಳವಾರ

ಉಡಿಗಾಲದಿಂದ ಸುದ್ದಿಯಿಲ್ಲ. ಅಕ್ಕಪಕ್ಕದವರು ಬಿತ್ತುತ್ತಿದ್ದಾರೆ ಎಂದು ಚಾಮರಾಜನಗರದ ಬಸ್ಸಿನಲ್ಲಿ ಬಂದವರು ಹೇಳಿದರು. ಎತ್ತಿಲ್ಲದ ಗಾಡಿ ಬಾಗಿಲಲ್ಲೇ ಇದೆ, ಹೋಗುವಾಗ ಬರುವಾಗ ಮೂಕಿ ಕಾಲಿಗೆ ತಡೆಯುತ್ತದೆ. ಮನೆಯಲ್ಲಿ ಸದ್ದೇ ಇಲ್ಲ. ನನಗೆ ಹಾಲು ಕರೆಯಲು ಬಾರದು, ಎಮ್ಮೆ ನಿನ್ನೆಯಿಡೀ ಕೂಗಿತು. ಅವಳಿದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿತು.

ಇವತ್ತು ದೃಢವಾಗಿ ಸಂಕಲ್ಪ ಮಾಡಿದ್ದೇನೆ. ಈ ಹಾಳು ಬಾಜಿ ಬಿಟ್ಟೆ, ಶಾಶ್ವತವಾಗಿ ಬಿಟ್ಟೆ. ಮಾವನ ಎತ್ತುಗಳನ್ನು ಗೆದ್ದು ಬಿಡಿಸಿಕೊಂಡ ಮರುದಿನದಿಂದ ಆ ಹೋಟೆಲಿನ ಕಡೆ ತಲೆ ಹಾಕಿ ಮಲಗುವುದೂ ಇಲ್ಲ.

ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕೂತಿತು. ಎಮ್ಮೆಯ ಹಗ್ಗ ಬಿಚ್ಚಿದೆ. ಯಾರಾದರೂ ಕೇಳಿದರೆ ಕೆರೆಗೆ ನೀರಿಗೆ ಎಂದು ಹೇಳಬೇಕೆಂದಿದ್ದೆ. ಯಾರೂ ಕೇಳಲಿಲ್ಲ. ಬೀದಿಯ ಮೂಲೆಯಲ್ಲಿ ನಾನು ಎಳೆಯುವ ಮೊದಲೇ ಅದು ತಾನಾಗಿ ಹೋಟೆಲಿನ ಕಡೆ ತಿರುಗಿತು. ಬುದ್ಧಿಯಿಲ್ಲದ ಪ್ರಾಣಿ! ಹತ್ತಿಬೀಜದ ರುಚಿ ಹತ್ತಿದೆ, ಯಾರ ಮನೆಯದು ತಾನು ಎಂಬುದೇ ಮರೆತುಹೋಗಿದೆ.

ಹಗ್ಗ ಹಿಡಿದುಕೊಂಡು ನಾನು ಅದರ ಹಿಂದೆ ನಡೆದೆ.